ಎಂ.ಎಡ್. ಡಿಸರ್ಟೇಷನ್ ಬರೆಯುವುದು ಹೇಗೆ: ಟಾಪಿಕ್ ಹುಡುಕಾಟದಿಂದ ವೈವಾವರೆಗೆ

ಎಂ.ಎಡ್. ತರಗತಿಯಲ್ಲಿ ಡಿಸರ್ಟೇಷನ್ ಮಾತು ಎದ್ದ ದಿನದಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನಿಂದು ಟಾಪಿಕ್ ಆಯ್ತಾ?" ಉತ್ತರವೂ ಹೆಚ್ಚುಕಡಿಮೆ ಒಂದೇ ಥರ. "ಪ್ರೌಢಶಾಲಾ ವಿದ್ಯಾರ್ಥಿಗಳ ಭಾವನಾತ್ಮಕ ಬುದ್ಧಿಶಕ್ತಿ ಮತ್ತು ಶೈಕ್ಷಣಿಕ ಸಾಧನೆಯ ನಡುವಿನ ಸಂಬಂಧ: ಒಂದು ಅಧ್ಯಯನ." ಅದರ ಕೆಳಗೆ ಲಿಂಗ, ಪ್ರದೇಶ, ಆಡಳಿತ ಅಂತ ಮೂರು ಚಲಕಗಳು (ಒಬ್ಬರಿಂದೊಬ್ಬರಿಗೆ ಬದಲಾಗುವ, ಹೋಲಿಸಿ ನೋಡುವ ಅಂಶಗಳು). ಯಾವುದೇ ಶಿಕ್ಷಣ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ನೋಡಿ, ಇದೇ ಹೆಸರಿನ, ಬರೀ ಜಿಲ್ಲೆ ಬದಲಾದ ಪ್ರಬಂಧಗಳು ಕಪ್ಪು ರಟ್ಟು ಹಾಕಿಕೊಂಡು ಸಾಲಾಗಿ ನಿಂತಿರುತ್ತವೆ. ನನ್ನದೂ ಅವುಗಳಲ್ಲಿ ಒಂದು.

ಅದನ್ನು ಬರೆದು ಮುಗಿಸಿದ ಮೇಲೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಕೇಳಿದರು: "ಏನು ಗೊತ್ತಾಯ್ತು ಇದರಿಂದ?" ನಾನು "ಸಾರ್ಥಕ ಸಂಬಂಧ ಕಂಡುಬಂತು ಸರ್" ಅಂದೆ. ಅವರು "ಹೌದಾ" ಅಂದು ಟೀ ಕುಡಿದರು. ಆ "ಹೌದಾ" ಇನ್ನೂ ಕಿವಿಯಲ್ಲಿದೆ. ಆಮೇಲೆ ಬೇರೆಯವರ ಪ್ರಬಂಧಗಳನ್ನು ಓದುವ, ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ನಾನು ತಪ್ಪಿದ ಜಾಗದಲ್ಲೇ ಎಲ್ಲರೂ ತಪ್ಪುತ್ತಿರುವುದು ಆಗ ಕಂಡಿತು. ಅದಕ್ಕೇ ಈ ಬರಹ.

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ) 2014ರ ನಿಯಮಗಳ ಪ್ರಕಾರ ಎಂ.ಎಡ್. ಎರಡು ವರ್ಷದ ಕೋರ್ಸ್ ಆಗಿದೆ. ಅದಕ್ಕೂ ಮೊದಲು ಒಂದೇ ವರ್ಷದಲ್ಲಿ ಎಲ್ಲವೂ ಮುಗಿಯಬೇಕಿತ್ತು. ಅಂದರೆ ಈಗ ಸಮಯ ಇದೆ. ಆದರೆ ಹೆಚ್ಚಿನವರು ಅದರ ಮುಕ್ಕಾಲು ಪಾಲನ್ನು ಟಾಪಿಕ್ ಚಿಂತೆಯಲ್ಲೇ ಕಳೆಯುತ್ತಾರೆ. ಅಲ್ಲಿಂದಲೇ ಶುರು ಮಾಡೋಣ.

1. ಟಾಪಿಕ್ ಬೇಡ, ಒಗಟು ಹುಡುಕಿ

ಸಾಮಾನ್ಯವಾಗಿ ನಡೆಯುವುದು ಹೀಗೆ. ಸೀನಿಯರ್ ಹತ್ತಿರ ಒಂದು ರೆಡಿಮೇಡ್ ಟೂಲ್, ಅಂದರೆ ಪ್ರಶ್ನಾವಳಿಯಂಥ ಅಳೆಯುವ ಸಾಧನ, ಇರುತ್ತದೆ. ಆ ಟೂಲ್ ಯಾವ ಚಲಕವನ್ನು ಅಳೆಯುತ್ತದೋ ಅದೇ ನಮ್ಮ ವಿಷಯವಾಗುತ್ತದೆ. ಸ್ಪ್ಯಾನರ್ ಸಿಕ್ಕಿತು ಅಂತ ಬೋಲ್ಟ್ ಹುಡುಕಿಕೊಂಡು ಹೋದ ಹಾಗೆ. ಸಂಶೋಧನೆ ಅಲ್ಲಿಗೇ ಅರ್ಧ ಸತ್ತಿತು.

ಇದನ್ನು ತಿರುಗಿಸಿ. ನೀವು ಬಿ.ಎಡ್. ಇಂಟರ್ನ್‌ಶಿಪ್ ಮಾಡಿದ್ದೀರಿ. ಕೆಲವರು ಶಾಲೆಯಲ್ಲಿ ಪಾಠವನ್ನೂ ಮಾಡಿದ್ದೀರಿ. ಅಲ್ಲಿ "ಇದ್ಯಾಕೆ ಹೀಗೆ?" ಅಂತ ಅನಿಸಿದ ಒಂದು ಸಂಗತಿಯನ್ನು ನೆನಪು ಮಾಡಿಕೊಳ್ಳಿ. ತರಗತಿಯಲ್ಲಿ ಕಣ್ಣಾರೆ ಕಂಡದ್ದೇ ಆಗಿರಬೇಕು. ಒಂದು ಹಾಳೆ ತೆಗೆದುಕೊಂಡು ಅಂಥ ಹತ್ತು ಸಂಗತಿ ಬರೆಯಿರಿ. ಇಂಗ್ಲಿಷ್ ಪದ, ಸಿದ್ಧಾಂತ ಯಾವುದೂ ಬೇಡ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆದರೆ ಸಾಕು.

ಈ ಬರಹಕ್ಕೆ ನಾನು ಒಂದು ಒಗಟನ್ನು ಆರಿಸಿಕೊಳ್ಳುತ್ತೇನೆ. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳು 1ರಿಂದ 3ನೇ ತರಗತಿಯವರೆಗೆ ನಲಿ ಕಲಿಯಲ್ಲಿ ಕಲಿಯುತ್ತಾರೆ. ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಕಾರ್ಡು ತೆಗೆದುಕೊಳ್ಳುತ್ತಾರೆ, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ಎಲ್ಲಿದೆ ಅಂತ ತಾವೇ ನೋಡಿಕೊಳ್ಳುತ್ತಾರೆ. 4ನೇ ತರಗತಿಗೆ ಬಂದ ದಿನ ಅದೆಲ್ಲ ನಿಂತುಹೋಗುತ್ತದೆ. ಪಠ್ಯಪುಸ್ತಕ, ಕಪ್ಪು ಹಲಗೆ, ಎಲ್ಲರಿಗೂ ಒಟ್ಟಿಗೆ ಒಂದೇ ಪಾಠ. ಆ ಮಕ್ಕಳು ಈ ತಿರುವನ್ನು ಹೇಗೆ ದಾಟುತ್ತಾರೆ? ಮೇಷ್ಟ್ರು ಏನು ಮಾಡುತ್ತಾರೆ?

ಇದು ಒಗಟು. ಇದರಲ್ಲಿ ಮಗು ಇದೆ, ಶಿಕ್ಷಕರಿದ್ದಾರೆ, ಒಂದು ಬದಲಾವಣೆ ಇದೆ. ನಲಿ ಕಲಿಗೆ ಇತಿಹಾಸವೂ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹರಡಿತು. ಪೀಠಿಕೆ ಅಧ್ಯಾಯಕ್ಕೆ ಬೇಕಾದ ಸರಕು ಇಲ್ಲೇ ಸಿಕ್ಕಿತು ನೋಡಿ.

2. ಪ್ರಶ್ನೆಯನ್ನು ಹಿಂಡಿ ಚಿಕ್ಕದು ಮಾಡಿ

ಈಗ ಇದನ್ನೇ ಸಂಶೋಧನಾ ಪ್ರಶ್ನೆ ಮಾಡಬೇಕು. ಮೊದಲ ಪ್ರಯತ್ನ ಯಾವಾಗಲೂ ದೊಡ್ಡದಾಗಿ ಬರುತ್ತದೆ:

"ಕರ್ನಾಟಕದಲ್ಲಿ ನಲಿ ಕಲಿ ಪದ್ಧತಿಯ ಪರಿಣಾಮಕಾರಿತ್ವ."

ಇದು ಸಾಧ್ಯವಿಲ್ಲ. ಇಡೀ ರಾಜ್ಯವನ್ನು ಒಬ್ಬರೇ ಸುತ್ತಲು ಆಗುವುದಿಲ್ಲ. ನಲಿ ಕಲಿ ಎಲ್ಲ ಸರ್ಕಾರಿ ಶಾಲೆಯಲ್ಲೂ ಇರುವಾಗ ಯಾವುದಕ್ಕೆ ಹೋಲಿಸುತ್ತೀರಿ? ಖಾಸಗಿ ಶಾಲೆಗೆ ಹೋಲಿಸಿದರೆ ವ್ಯತ್ಯಾಸ ಪದ್ಧತಿಯಿಂದ ಬಂತೋ ಮನೆಯ ಆದಾಯದಿಂದ ಬಂತೋ ಗೊತ್ತಾಗುವುದಿಲ್ಲ. ಎರಡನೇ ಪ್ರಯತ್ನ:

"ನಲಿ ಕಲಿಯಿಂದ 4ನೇ ತರಗತಿಗೆ ಬಂದ ಮಕ್ಕಳ ಸಮಸ್ಯೆಗಳು."

ಸ್ವಲ್ಪ ಹತ್ತಿರ ಬಂತು. ಆದರೆ "ಸಮಸ್ಯೆಗಳು" ಅನ್ನುವ ಪದ ಈಗಲೇ ತೀರ್ಪು ಕೊಟ್ಟುಬಿಟ್ಟಿದೆ. ಸಮಸ್ಯೆ ಇದೆಯೋ ಇಲ್ಲವೋ ಅನ್ನುವುದೇ ತಾನೇ ನೋಡಬೇಕಾದದ್ದು? ಮೂರನೆಯದು:

"ಒಂದು ತಾಲ್ಲೂಕಿನ ಆರು ಸರ್ಕಾರಿ ಶಾಲೆಗಳಲ್ಲಿ, ಶೈಕ್ಷಣಿಕ ವರ್ಷದ ಮೊದಲ ಮೂರು ತಿಂಗಳಲ್ಲಿ, 4ನೇ ತರಗತಿಯ ಶಿಕ್ಷಕರು ಕನ್ನಡ ಓದಿನ ಪಾಠವನ್ನು ಹೇಗೆ ನಡೆಸುತ್ತಾರೆ? ನಲಿ ಕಲಿಯ ಯಾವ ಅಭ್ಯಾಸಗಳನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಅದಕ್ಕೆ ಅವರು ಕೊಡುವ ಕಾರಣಗಳೇನು?"

ಇದು ಆಗುವ ಕೆಲಸ. ಯಾರನ್ನು, ಎಲ್ಲಿ, ಯಾವಾಗ, ಏನನ್ನು ನೋಡಬೇಕು ಅನ್ನುವುದೆಲ್ಲ ಇದರಲ್ಲೇ ಇದೆ. ಶಿಕ್ಷಣ, ಕಲಿಕೆ, ಓದು, ಓದಿನ ಪಾಠ, ಮೊದಲ ಮೂರು ತಿಂಗಳ ಪಾಠ ಅಂತ ಒಂದೊಂದೇ ಮೆಟ್ಟಿಲು ಇಳಿದು ಬಂದಿದ್ದೇವೆ.

ಗೈಡ್ ಹತ್ತಿರ ಹೋಗುವಾಗ ಈ ಮೂರೂ ವಾಕ್ಯಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. "ಸರ್, ಟಾಪಿಕ್ ಕೊಡಿ" ಅಂದರೆ ಅವರು ತಮ್ಮ ಹಳೇ ಟಾಪಿಕ್ಕನ್ನೇ ಕೊಡುತ್ತಾರೆ. "ಇದರಲ್ಲಿ ಎಲ್ಲಿ ಎಡವಿದ್ದೇನೆ?" ಅಂತ ಕೇಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

3. ಕಾಲೇಜಿನ ಕ್ಯಾಲೆಂಡರ್ ಅಲ್ಲ, ಶಾಲೆಯ ಕ್ಯಾಲೆಂಡರ್ ನೋಡಿ

ನಿಮ್ಮ ಸೆಮಿಸ್ಟರ್ ಯಾವಾಗ ಮುಗಿದರೂ ಡೇಟಾ ಸಿಗುವುದು ಶಾಲೆ ತೆರೆದಿದ್ದಾಗ ಮಾತ್ರ. ಅಕ್ಟೋಬರ್ ದಸರಾ ರಜೆಗೆ ಹೋಯಿತು. ಫೆಬ್ರುವರಿ ಬಂದರೆ ಹೈಸ್ಕೂಲಿನಲ್ಲಿ ಎಸ್‌ಎಸ್‌ಎಲ್‌ಸಿ ಬಿಸಿ. 10ನೇ ತರಗತಿಯ ಹತ್ತಿರಕ್ಕೂ ಬಿಡುವುದಿಲ್ಲ, ಬಿಡಬಾರದು ಕೂಡ. ಏಪ್ರಿಲ್, ಮೇ ಬೇಸಿಗೆ ರಜೆ. ಅದರ ನಡುವೆ ರೂಪಣಾತ್ಮಕ ಪರೀಕ್ಷೆಗಳು, ಪ್ರತಿಭಾ ಕಾರಂಜಿ, ಕ್ರೀಡಾಕೂಟ. ನೆಮ್ಮದಿಯಾಗಿ ಕೆಲಸ ಮಾಡಲು ಉಳಿಯುವುದು ಜುಲೈಯಿಂದ ಸೆಪ್ಟೆಂಬರ್, ಮತ್ತೆ ನವೆಂಬರಿನಿಂದ ಜನವರಿ.

ನಮ್ಮ ಉದಾಹರಣೆಗೆ ಇದು ಇನ್ನೂ ಬಿಗಿ. ಮೊದಲ ಮೂರು ತಿಂಗಳು ಅಂದರೆ ಜೂನ್‌ನಿಂದ ಆಗಸ್ಟ್. ಹಾಗಾದರೆ ಸಿನಾಪ್ಸಿಸ್ (ಅಧ್ಯಯನದ ಯೋಜನೆಯ ಬರಹ) ಬೇಸಿಗೆ ರಜೆಗೆ ಮೊದಲೇ ಒಪ್ಪಿಗೆಯಾಗಬೇಕು. ಟೂಲಿನ ಪ್ರಾಯೋಗಿಕ ಪರೀಕ್ಷೆ ಫೆಬ್ರುವರಿಯಲ್ಲಿ, ಆಗಿನ 4ನೇ ತರಗತಿಯ ಮೇಲೆ ಆಗಬೇಕು. ರಜೆಯಲ್ಲಿ ಸಾಹಿತ್ಯ ಸಮೀಕ್ಷೆ ಬರೆಯಬಹುದು. ಸೆಪ್ಟೆಂಬರ್, ಅಕ್ಟೋಬರ್ ವಿಶ್ಲೇಷಣೆಗೆ. ಹೀಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಪ್ರತಿ ಹಂತಕ್ಕೂ ನೀವು ಅಂದುಕೊಂಡಿದ್ದಕ್ಕಿಂತ ಅರ್ಧದಷ್ಟು ಜಾಸ್ತಿ ದಿನ ಇಡಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆಯವರಾದರೆ ಇನ್ನೂ ನಾಲ್ಕು ದಿನ ಸೇರಿಸಿ, ಮಳೆ ಜೋರಾದರೆ ಡಿಸಿ ರಜೆ ಕೊಡುತ್ತಾರೆ.

4. ಓದುವುದು, ಓದಿದ್ದನ್ನು ಕಳೆದುಕೊಳ್ಳದಿರುವುದು

ಎಲ್ಲಿ ಹುಡುಕಬೇಕು? ಪಿಎಚ್‌.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ, ಕನ್ನಡದಲ್ಲಿ ಬರೆದವೂ ಅಲ್ಲಿ ಸಿಗುತ್ತವೆ. ಶಿಕ್ಷಣಕ್ಕೇ ಮೀಸಲಾದದ್ದು ಬೇಕೆಂದರೆ ಅಮೆರಿಕದ ಶಿಕ್ಷಣ ಇಲಾಖೆಯ ಎರಿಕ್, ಹುಡುಕಲು ದುಡ್ಡು ಬೇಕಿಲ್ಲ. ಎನ್‌ಸಿಇಆರ್‌ಟಿಯ ಇಂಡಿಯನ್ ಎಜುಕೇಷನಲ್ ರಿವ್ಯೂ ನೋಡಲೇಬೇಕು. ಉಳಿದದ್ದಕ್ಕೆ ಗೂಗಲ್ ಸ್ಕಾಲರ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಹತ್ತಿರವಿದ್ದವರು ಅಲ್ಲಿನ ಗ್ರಂಥಾಲಯದಲ್ಲಿ ಎರಡು ದಿನ ಕೂತು ಬರಲು ಅನುಮತಿ ಕೇಳಿ ನೋಡಿ. ಮೊಬೈಲಿನಲ್ಲಿ ಎರಡು ವಾರ ಹುಡುಕುವುದಕ್ಕಿಂತ ವಾಸಿ.

ಸಾಹಿತ್ಯ ಸಮೀಕ್ಷೆಯಲ್ಲಿ ನಾನು ಅತಿ ಹೆಚ್ಚು ನೋಡುವ ರೋಗ ದಿನಸಿ ಪಟ್ಟಿ. "ಇಂಥವರು ಇಷ್ಟನೇ ಇಸವಿಯಲ್ಲಿ ಇಂಥ ಅಧ್ಯಯನ ಮಾಡಿದರು. ಅವರ ಫಲಿತಾಂಶ ಇದು." ಮುಂದಿನ ಪ್ಯಾರಾದಲ್ಲಿ ಮತ್ತೊಬ್ಬರು. ಹೀಗೆ 40 ಪುಟ. ಭಾರತೀಯ ಅಧ್ಯಯನಗಳು, ವಿದೇಶಿ ಅಧ್ಯಯನಗಳು ಅಂತ ಎರಡು ಗುಡ್ಡೆ ಬೇರೆ. ಓದುವವರಿಗೆ ಏನೂ ದಕ್ಕುವುದಿಲ್ಲ.

ಬದಲಿಗೆ ಒಂದು ಕೋಷ್ಟಕ ಮಾಡಿಕೊಳ್ಳಿ, ಎಕ್ಸೆಲ್ ಸಾಕು. ಯಾರು, ಯಾವಾಗ, ಯಾರ ಮೇಲೆ, ಹೇಗೆ, ಏನು ಕಂಡರು, ನನಗೆ ಇದರಿಂದ ಏನು ಉಪಯೋಗ. ಈ ಕೊನೆಯ ಕಾಲಂ ಖಾಲಿ ಉಳಿದರೆ ಆ ಅಧ್ಯಯನವನ್ನು ಬಿಟ್ಟುಬಿಡಿ. ಇಪ್ಪತ್ತೈದು ಸಾಲು ತುಂಬಿದ ಮೇಲೆ ಕೋಷ್ಟಕವನ್ನು ಮೇಲಿಂದ ಕೆಳಕ್ಕೆ ಓದಿ. ಎಲ್ಲರೂ ಒಪ್ಪಿರುವುದು ಯಾವುದು, ಜಗಳ ಎಲ್ಲಿದೆ, ಯಾರೂ ಮುಟ್ಟದ ಜಾಗ ಯಾವುದು ಅಂತ ಕಾಣತೊಡಗುತ್ತದೆ. ಸಮೀಕ್ಷೆಯ ಉಪಶೀರ್ಷಿಕೆಗಳು ಅವೇ.

ಮೊದಲ ಲೇಖನ ಓದುವ ದಿನವೇ ಉಲ್ಲೇಖಗಳನ್ನು ಕೂಡಿಡುವ ಜೊಟೆರೊ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. ಉಲ್ಲೇಖಗಳನ್ನು ಎಪಿಎ ಶೈಲಿಗೆ ಅದೇ ಜೋಡಿಸುತ್ತದೆ. ಕನ್ನಡ ಪುಸ್ತಕಗಳ ವಿವರವನ್ನು ಕೈಯಲ್ಲೇ ತುಂಬಬೇಕಾಗುತ್ತದೆ. ಆದರೂ ಕೊನೇ ವಾರದಲ್ಲಿ "ಈ ಮಾತು ಯಾವ ಪುಸ್ತಕದ್ದು" ಅಂತ ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ.

5. ವಿಧಾನ ಮತ್ತು ಸ್ಯಾಂಪಲ್

ಪ್ರಶ್ನೆ "ಎಷ್ಟು" ಅಂತ ಕೇಳುತ್ತಿದ್ದರೆ ಸಂಖ್ಯೆ ಬೇಕು. "ಹೇಗೆ", "ಯಾಕೆ" ಅಂತ ಕೇಳುತ್ತಿದ್ದರೆ ಕೂತು ನೋಡಬೇಕು, ಮಾತಾಡಿಸಬೇಕು. ನಮ್ಮ ನಲಿ ಕಲಿ ಪ್ರಶ್ನೆ ಎರಡನೇ ಜಾತಿಯದು. ಆರು ತರಗತಿಗಳ ಅವಲೋಕನ, ಆರೆಂಟು ಸಂದರ್ಶನ ಸಾಕು. "ಅಷ್ಟೇನಾ, 300 ಮಕ್ಕಳಾದ್ರೂ ಬೇಡ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆಗೆ ತಕ್ಕ ಸ್ಯಾಂಪಲ್ ಅಂತ ಹೇಳಿ.

ಸಂಖ್ಯೆಯ ಅಧ್ಯಯನ ಮಾಡುವವರಿಗೆ ಒಂದು ಎಚ್ಚರಿಕೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕವನ್ನು ಎಲ್ಲರೂ ಬಳಸುತ್ತಾರೆ. ಒಟ್ಟು 1000 ಮಂದಿ ಇದ್ದರೆ 278 ಮಂದಿಯ ಸ್ಯಾಂಪಲ್ ಅಂತ ಅದರಲ್ಲಿದೆ. ಆದರೆ ಆ ಲೆಕ್ಕ ನಿಲ್ಲುವುದು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಯಾದೃಚ್ಛಿಕವಾಗಿ ಆರಿಸಿದಾಗ. ನಾವು ಮಾಡುವುದು ಪರಿಚಯದ ಐದು ಶಾಲೆಗೆ ಹೋಗಿ, ಸಿಕ್ಕ ಸೆಕ್ಷನ್ನಿನ ಮಕ್ಕಳೆಲ್ಲರಿಗೂ ಹಾಳೆ ಹಂಚುವುದು. ಒಂದೇ ಮೇಷ್ಟ್ರ ಕೈಯಲ್ಲಿ ಕಲಿತ 50 ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ, ಅವರು 50 ಬೇರೆ ಬೇರೆ ಸಾಕ್ಷಿಗಳಲ್ಲ. ಹಾಗೆ ಮಾಡಿ "ಯಾದೃಚ್ಛಿಕ ನ್ಯಾದರ್ಶ ತಂತ್ರ" ಅಂತ ಬರೆಯಬೇಡಿ. "ಅನುಕೂಲಕ್ಕೆ ತಕ್ಕಂತೆ ಶಾಲೆಗಳನ್ನು ಆರಿಸಲಾಯಿತು" ಅಂತ ಒಪ್ಪಿಕೊಂಡರೆ ಪರೀಕ್ಷಕರು ಗೌರವಿಸುತ್ತಾರೆ.

ಶಾಲೆಗೆ ಹೋಗಲು ಆಗದವರಿಗೂ ದಾರಿ ಇದೆ. ಯುಡೈಸ್ ಪ್ಲಸ್ (ಶಾಲೆಗಳ ಸರ್ಕಾರಿ ಮಾಹಿತಿ ಕೋಶ), ರಾಷ್ಟ್ರೀಯ ಸಾಧನಾ ಸಮೀಕ್ಷೆ, ಅಸರ್ (ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ನೋಡುವ ಸಮೀಕ್ಷೆ) ವರದಿಗಳಲ್ಲಿ ಸಾರ್ವಜನಿಕವಾಗಿ ಸಿಗುವ ಅಂಕಿಅಂಶ ತುಂಬಾ ಇದೆ. ಪಠ್ಯಪುಸ್ತಕ ವಿಶ್ಲೇಷಣೆಯೂ ಒಳ್ಳೆಯ ಡಿಸರ್ಟೇಷನ್ ಆಗಬಲ್ಲದು.

6. ಟೂಲ್: ಇಲ್ಲಿ ನಿಧಾನ ಮಾಡಿ

ಪ್ರಬಂಧ ಏಳುವುದೂ ಬೀಳುವುದೂ ಇಲ್ಲೇ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವರು ಪದಕ್ಕೆ ಪದ ಇಡುತ್ತಾರೆ. "ನಾನು ಒಳ್ಳೆಯ ಗುಂಪು ಆಟಗಾರ" ಅನ್ನುವ ಹೇಳಿಕೆಯನ್ನು ಒಂದು ಪ್ರಬಂಧದಲ್ಲಿ ನೋಡಿದೆ. ಎಂಟನೇ ತರಗತಿ ಹುಡುಗರು ಅದನ್ನು ಕಬಡ್ಡಿ ಅಂದುಕೊಂಡು ಉತ್ತರಿಸಿರುತ್ತಾರೆ. ಕೇಳಬೇಕಿದ್ದದ್ದು "ಗೆಳೆಯರ ಜೊತೆ ಸೇರಿ ಕೆಲಸ ಮಾಡಲು ನನಗೆ ಇಷ್ಟ" ಅಂತ.

ಇನ್ನೊಂದು: "ನನ್ನ ಓದುವ ಕೊಠಡಿ ಪ್ರಶಾಂತವಾಗಿದೆ." ಒಂದೇ ಕೋಣೆಯ ಮನೆಯ ಮಗು ಇದಕ್ಕೆ ಏನು ಟಿಕ್ ಹಾಕಬೇಕು? "ಮನೆಯಲ್ಲಿ ಗದ್ದಲವಿಲ್ಲದೆ ಓದಲು ನನಗೆ ಜಾಗ ಸಿಗುತ್ತದೆ" ಅಂತ ಕೇಳಿದರೆ ಅದಕ್ಕೂ ಉತ್ತರ ಹೇಳಲು ಬರುತ್ತದೆ.

ಮೂರನೆಯದು: "ನಮ್ಮ ಶಾಲೆಯ ಗ್ರಂಥಾಲಯ ಚೆನ್ನಾಗಿದೆ ಮತ್ತು ನಾನು ಅದನ್ನು ದಿನಾ ಬಳಸುತ್ತೇನೆ." ಗ್ರಂಥಾಲಯ ಚೆನ್ನಾಗಿದೆ, ಆದರೆ ಬೀರುವಿಗೆ ಬೀಗ. ಆಗ? ಒಂದು ಹೇಳಿಕೆಯಲ್ಲಿ ಎರಡು ಮಾತು ಬೇಡ. "ಗಣಿತ ನನಗೆ ಕಷ್ಟವಲ್ಲದೆ ಇಲ್ಲ" ಅನ್ನುವಂಥ ಡಬಲ್ ನಕಾರಗಳೂ ಬೇಡ. ಕನ್ನಡದಲ್ಲಿ ಅವು ಇಂಗ್ಲಿಷಿಗಿಂತ ಜಾಸ್ತಿ ಗೊಂದಲ ಮಾಡುತ್ತವೆ.

ಅನುವಾದ ಮಾಡಿದ್ದರೆ, ಮೂಲ ನೋಡದ ಒಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಅರ್ಥ ಜಾರಿದೆಯೋ ಅಲ್ಲಿ ತಿದ್ದಿ. ಆಮೇಲೆ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಪ್ರತಿ ಹೇಳಿಕೆಯನ್ನೂ ಓದಿಸಿ, "ಇದರರ್ಥ ಏನು, ನಿನ್ನ ಮಾತಲ್ಲಿ ಹೇಳು" ಅನ್ನಿ. ಅರ್ಧ ಗಂಟೆಯಲ್ಲಿ ನಿಮ್ಮ ಟೂಲಿನ ಬಣ್ಣ ಬಯಲಾಗುತ್ತದೆ. ಕಲಬುರಗಿ ಕಡೆಯ ಮಗು, ಮಂಗಳೂರು ಕಡೆಯ ಮಗು ಒಂದೇ ಪದವನ್ನು ಬೇರೆ ಬೇರೆಯಾಗಿ ಹಿಡಿಯಬಹುದು, ಅದೂ ಇಲ್ಲೇ ಗೊತ್ತಾಗುತ್ತದೆ. ಪ್ರಾಯೋಗಿಕ ಪರೀಕ್ಷೆಯ ನಂತರ ಕ್ರಾನ್‌ಬ್ಯಾಕ್ ಆಲ್ಫಾ ಲೆಕ್ಕ ಹಾಕುವುದು ವಾಡಿಕೆ. 0.7ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಅನ್ನುವುದನ್ನಷ್ಟೇ ಆಲ್ಫಾ ಹೇಳುತ್ತದೆ. ಅಳೆಯಬೇಕಾದದ್ದನ್ನೇ ಅಳೆಯುತ್ತಿದ್ದೀರಾ ಅನ್ನುವುದು ಬೇರೆ ಮಾತು. ತಕ್ಕಡಿ ದಿನಾ ಒಂದೇ ತೂಕ ತೋರಿಸುತ್ತಿರಬಹುದು, ಆ ತೂಕವೇ ತಪ್ಪಿರಬಹುದು.

ಚಿಕ್ಕ ಮಕ್ಕಳ ಓದನ್ನು ನೋಡುವುದಾದರೆ ಹೊಸದಾಗಿ ಏನೂ ಕಟ್ಟಬೇಕಿಲ್ಲ. ಅಸರ್‌ನ ಓದಿನ ಸಾಧನ ಕನ್ನಡದಲ್ಲಿದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಅಂತ ನಾಲ್ಕು ಹಂತ. ಒಂದೊಂದೇ ಮಗುವಿನ ಜೊತೆ ಕೂತು ಓದಿಸಬೇಕು.

7. ಶಾಲೆಯೊಳಗೆ ಹೋಗುವಾಗ

ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಒಂದು ಅನುಮತಿ. ಅದರ ಹತ್ತು ಜೆರಾಕ್ಸ್ ಸದಾ ಬ್ಯಾಗಿನಲ್ಲಿರಲಿ. ಸಿಆರ್‌ಪಿಯವರಿಗೆ (ಕ್ಲಸ್ಟರ್, ಅಂದರೆ ಹತ್ತಿರದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ) ಮೊದಲೇ ಒಂದು ಫೋನ್ ಮಾಡಿ. ಆ ಕ್ಲಸ್ಟರಿನ ಶಾಲೆಗಳೆಲ್ಲ ಅವರಿಗೆ ಅಂಗೈ ಗೆರೆ ಇದ್ದ ಹಾಗೆ. ಮಕ್ಕಳ ಮೇಲೆ ಅಧ್ಯಯನವಾದರೆ ಪೋಷಕರ ಒಪ್ಪಿಗೆಯೂ ಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು ಕನ್ನಡದಲ್ಲಿ ವಿವರಿಸಿ. ಓದಲು ಬಾರದ ಪೋಷಕರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ. ಮಗುವನ್ನೂ ಕೇಳಿ. "ಬೇಡ" ಅಂದರೆ ಬಿಟ್ಟುಬಿಡಿ.

ನನಗೆ ಆದ ಒಂದು ಅನುಭವ ಹೇಳುತ್ತೇನೆ. ಒಂದು ಶಾಲೆಯಲ್ಲಿ ಪ್ರಶ್ನಾವಳಿ ಹಂಚಿ, ಮುಖ್ಯ ಶಿಕ್ಷಕರು ಕರೆದರು ಅಂತ ಆಫೀಸಿಗೆ ಹೋದೆ. ಚಹಾ ಬಂತು. ವಾಪಸ್ ಬರುವಷ್ಟರಲ್ಲಿ ಎಲ್ಲ ಹಾಳೆ ರೆಡಿ. ಮನೆಗೆ ಬಂದು ನೋಡಿದರೆ 42 ಹಾಳೆಗಳಲ್ಲೂ ಒಂದೇ ಉತ್ತರ. ತರಗತಿ ಶಿಕ್ಷಕರು ಪಾಪ, ನನಗೆ ಸಹಾಯ ಮಾಡೋಣ ಅಂತ, "ಎಲ್ಲದಕ್ಕೂ ಒಪ್ಪುತ್ತೇನೆ ಅಂತ ಹಾಕ್ರೋ, ಬೇಗ ಮುಗೀಲಿ" ಅಂದಿದ್ದರಂತೆ. 42 ಹಾಳೆಯನ್ನೂ ಬಿಸಾಕಿದೆ. ಆ ಟೀ ನನಗೆ ಎರಡು ವಾರಕ್ಕೆ ಬಿತ್ತು. ಹಾಳೆ ಮಕ್ಕಳ ಕೈಯಲ್ಲಿರುವಾಗ ತರಗತಿ ಬಿಟ್ಟು ಕದಲಬೇಡಿ. "ಇದು ಪರೀಕ್ಷೆ ಅಲ್ಲ, ಸರಿ ತಪ್ಪು ಇಲ್ಲ, ನಿಮ್ಮ ಮೇಷ್ಟ್ರಿಗೆ ತೋರಿಸಲ್ಲ" ಅಂತ ಮೊದಲೇ ಹೇಳಿ. ಆ ಮಾತನ್ನು ಉಳಿಸಿಕೊಳ್ಳಿ.

ಹೆಸರು ಮುಚ್ಚುವುದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. "ಶಾಲೆ ಅ" ಅಂತ ಬರೆದು ಪಕ್ಕದಲ್ಲೇ "ಕ್ಲಸ್ಟರಿನ ಏಕೈಕ ಏಕೋಪಾಧ್ಯಾಯ ಶಾಲೆ" ಅಂತ ಬರೆದರೆ ತಾಲ್ಲೂಕಿನ ಎಲ್ಲರಿಗೂ ಯಾರು ಅಂತ ಗೊತ್ತಾಯಿತು. ಆ ಮೇಡಂ ಬಿಇಒ ಬಗ್ಗೆ ನಂಬಿ ಹೇಳಿದ ಮಾತು ನಿಮ್ಮ ಪ್ರಬಂಧದಲ್ಲಿದ್ದರೆ ಏನಾಗುತ್ತದೆ, ಯೋಚಿಸಿ.

8. ವಿಶ್ಲೇಷಣೆ: ಎರಡು ಸಣ್ಣ ಉದಾಹರಣೆ

ಮೊದಲು ಸಂಖ್ಯೆ. 400 ಮಕ್ಕಳ ಮೇಲೆ ಅಧ್ಯಯನ ಮಾಡಿದಿರಿ, ಎರಡು ಚಲಕಗಳ ಸಹಸಂಬಂಧ 0.12 ಬಂತು ಅಂದುಕೊಳ್ಳಿ. ಸಾಫ್ಟ್‌ವೇರ್ 0.05 ಮಟ್ಟದಲ್ಲಿ ಸಾರ್ಥಕ, ಅಂದರೆ ಬರೀ ಆಕಸ್ಮಿಕವಾಗಿ ಬಂದದ್ದಾಗಿರಲಿಕ್ಕಿಲ್ಲ, ಅನ್ನುತ್ತದೆ. ಹೆಚ್ಚಿನವರು "ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗಿದೆ" (ಸಂಬಂಧವೇ ಇಲ್ಲ ಅನ್ನುವ ಮಾತನ್ನು ಬಿಟ್ಟಿದ್ದೇವೆ) ಅಂತ ಬರೆದು ಮುಂದೆ ಹೋಗುತ್ತಾರೆ. ಒಂದು ನಿಮಿಷ ನಿಲ್ಲಿ. 0.12ರ ವರ್ಗ 0.0144. ಅಂದರೆ ಅಂಕಗಳ ಏರಿಳಿತದಲ್ಲಿ ಶೇಕಡಾ ಒಂದೂವರೆಯಷ್ಟಕ್ಕೆ ಮಾತ್ರ ಇದರ ಜೊತೆ ನಂಟಿದೆ. ಉಳಿದ 98ಕ್ಕೂ ಹೆಚ್ಚು ಪಾಲು ಬೇರೆ ಕಡೆ ಇದೆ. ಸ್ಯಾಂಪಲ್ ದೊಡ್ಡದಾದಷ್ಟೂ ಸಣ್ಣಪುಟ್ಟ ಸಂಬಂಧವೂ "ಸಾರ್ಥಕ" ಅನಿಸಿಕೊಳ್ಳುತ್ತದೆ. ನಾನು ಆ ಹೈಸ್ಕೂಲ್ ಮೇಷ್ಟ್ರಿಗೆ ಹೇಳಬೇಕಿದ್ದದ್ದು ಇದನ್ನೇ: "ಸಂಬಂಧ ಇದೆ ಸರ್, ಆದರೆ ಅದನ್ನು ನೆಚ್ಚಿಕೊಂಡು ಪಾಠದ ರೀತಿ ಬದಲಿಸುವಷ್ಟು ಇಲ್ಲ."

ಲೆಕ್ಕಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಜಮೋವಿ, ಜಾಸ್ಪ್ ಎರಡೂ ಉಚಿತ. ಎಂ.ಎಡ್. ಮಟ್ಟಕ್ಕೆ ಧಾರಾಳವಾಗಿ ಸಾಕು. ದುಡ್ಡು ಕೊಟ್ಟು ಬೇರೆಯವರಿಂದ "ಸ್ಟಾಟಿಸ್ಟಿಕ್ಸ್ ಮಾಡಿಸುವ" ಅಭ್ಯಾಸ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಿಕ್ಕಿಬೀಳುವುದು ಅಲ್ಲೇ.

ಇನ್ನು ಮಾತು. ನಮ್ಮ ಉದಾಹರಣೆಯಲ್ಲಿ ಒಬ್ಬ ಶಿಕ್ಷಕಿ ಹೀಗೆ ಹೇಳಿದರು ಅನ್ನಿ: "ಕಾರ್ಡ್ ಕೊಟ್ರೆ ಪಟಪಟ ಓದ್ತಾರೆ. ಪುಸ್ತಕ ಕೊಟ್ರೆ ಎಲ್ಲಿಂದ ಓದ್ಲಿ ಮಿಸ್ ಅಂತಾರೆ. ನಾನೂ ಮೊದಲು ಬೈತಿದ್ದೆ. ಈಗ ಪಾಠಾನ ಕಾರ್ಡಿನ ಥರ ತುಂಡು ಮಾಡಿ ಹಲಗೆ ಮೇಲೆ ಬರೀತೀನಿ. ಸಿಲೆಬಸ್ ಮಾತ್ರ ಹಿಂದೆ ಬಿದ್ದಿದೆ."

"ಶಿಕ್ಷಕಿಯು ನಲಿ ಕಲಿಯ ಬಗ್ಗೆ ಸಕಾರಾತ್ಮಕ ಮನೋಭಾವ ಹೊಂದಿದ್ದಾರೆ" ಅಂತ ಇದಕ್ಕೆ ವ್ಯಾಖ್ಯಾನ ಬರೆದರೆ ಎಲ್ಲ ಹಾಳು. ವಾಕ್ಯ ವಾಕ್ಯ ಬಿಡಿಸಿ ಕೋಡ್ ಹಾಕಿ, ಅಂದರೆ ಪ್ರತಿ ಮಾತಿಗೂ ಅದರ ಅರ್ಥ ಹೇಳುವ ಒಂದು ಚಿಕ್ಕ ಹೆಸರು ಕೊಡಿ. "ಎಲ್ಲಿಂದ ಓದ್ಲಿ" ಅನ್ನುವುದು ಪುಟದ ವಿನ್ಯಾಸದ ಅಪರಿಚಯ, ಅದು ಓದಲು ಬಾರದಿರುವುದಲ್ಲ. "ಮೊದಲು ಬೈತಿದ್ದೆ" ಶಿಕ್ಷಕಿಯಲ್ಲೇ ಆದ ಬದಲಾವಣೆ. "ತುಂಡು ಮಾಡಿ ಹಲಗೆ ಮೇಲೆ" ಹಳೆಯ ಅಭ್ಯಾಸವನ್ನು ಹೊಸ ಜಾಗಕ್ಕೆ ಒಗ್ಗಿಸಿದ್ದು. "ಸಿಲೆಬಸ್ ಹಿಂದೆ" ಅದಕ್ಕೆ ತೆತ್ತ ಬೆಲೆ. ಇವೇ ಕೋಡ್‌ಗಳು ಬೇರೆ ಐದು ಸಂದರ್ಶನದಲ್ಲಿ ಎಲ್ಲೆಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ ನೋಡಿ. ಬರದ ಕಡೆ ಇನ್ನೂ ಹುಷಾರಾಗಿ ನೋಡಿ. ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ವಿವರಿಸಿದ ಆರು ಹಂತದ ವಿಷಯಾಧಾರಿತ ವಿಶ್ಲೇಷಣೆ ಇದಕ್ಕೆ ಸರಿಹೊಂದುತ್ತದೆ. ಸಂದರ್ಶನವನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಿ, ಗ್ರಾಂಥಿಕ ಮಾಡಬೇಡಿ. "ಬೈತಿದ್ದೆ" ಹೋಗಿ "ಗದರಿಸುತ್ತಿದ್ದೆನು" ಬಂದರೆ ಆ ಮನುಷ್ಯರೇ ಮಾಯ.

9. ಬರೆಯುವ ಕ್ರಮ

ಒಂದನೇ ಅಧ್ಯಾಯದಿಂದ ಶುರು ಮಾಡಿ ಅಲ್ಲೇ ಸಿಕ್ಕಿಕೊಳ್ಳುವವರು ಬಹಳ. ಮೊದಲು ಮೂರನೇ ಅಧ್ಯಾಯ, ಅಂದರೆ ವಿಧಾನದ ಅಧ್ಯಾಯ ಬರೆಯಿರಿ, ನೀವು ಏನು ಮಾಡಿದಿರಿ ಅನ್ನುವುದು ನಿಮಗೆ ಗೊತ್ತೇ ಇದೆಯಲ್ಲ. ಶಾಲೆಯಿಂದ ಬಂದ ವಾರವೇ ಬರೆದರೆ ವಿವರ ಮಾಸುವುದಿಲ್ಲ. ಆಮೇಲೆ ಎರಡು, ನಾಲ್ಕು, ಐದು. ಪೀಠಿಕೆ ಕೊನೆಗೆ. ಶಿಕ್ಷಣದ ವ್ಯಾಖ್ಯೆ, ಮಹಾಪುರುಷರ ಮಾತುಗಳು, ವೇದಕಾಲದ ಗುರುಕುಲ ಇವುಗಳಿಂದ ಪೀಠಿಕೆ ತುಂಬಿಸುವ ಹಳೇ ಚಾಳಿ ಬೇಡ. ಮೊದಲ ಪುಟದಲ್ಲೇ ಆ 4ನೇ ತರಗತಿಯ ಕೊಠಡಿಗೆ ಕರೆದುಕೊಂಡು ಹೋಗಿ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ಮಾತು. ಪಾರಿಭಾಷಿಕ ಪದಗಳ ನಿಮ್ಮದೇ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಒಂದು ಕಡೆ ಪ್ರಾಕ್ಕಲ್ಪನೆ, ಇನ್ನೊಂದು ಕಡೆ ಊಹೆ, ಮತ್ತೊಂದು ಕಡೆ ಪರಿಕಲ್ಪನೆ ಅಂತ ಬಂದರೆ ಮೂರೂ ಬೇರೆ ಅಂದುಕೊಳ್ಳುತ್ತಾರೆ. ಪರಿಕಲ್ಪನೆಯಂತೂ ಬೇರೆಯೇ. ಟೈಪ್ ಮಾಡುವಾಗ ಎಲ್ಲರೂ ಎಡವುವ ಜೋಡಿ "ಸಾಧನ" ಮತ್ತು "ಸಾಧನೆ". ಒಂದು ಟೂಲ್, ಇನ್ನೊಂದು ಅಂಕ. ಒಂದು ಎತ್ವ ತಪ್ಪಿದರೆ "ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನ" ಆಗಿ ಕೂರುತ್ತದೆ. ಸ್ಪೆಲ್‌ಚೆಕ್ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ.

ಯೂನಿಕೋಡಿನಲ್ಲೇ ಟೈಪ್ ಮಾಡಿ. ನಾನು ಹಳೇ ನುಡಿ ಫಾಂಟಿನಲ್ಲಿ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಗೈಡ್ ಅವರ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪುಟದ ತುಂಬಾ ರೋಮನ್ ಅಕ್ಷರಗಳ ಚಿತ್ತಾರ. ಯೂನಿಕೋಡಿಗೆ ಪರಿವರ್ತಿಸಿದರೆ ಅಲ್ಲಲ್ಲಿ ಅರ್ಕಾವೊತ್ತು, ಒತ್ತಕ್ಷರ ಕೆಟ್ಟವು. 130 ಪುಟ ಮತ್ತೆ ಓದಿದೆ. ಹಳೇ ಫಾಂಟಿನ ಪಠ್ಯ ಹುಡುಕಿದರೆ ಸಿಗುವುದಿಲ್ಲ, ಸಾಮ್ಯತೆ ಪರೀಕ್ಷೆಗೂ (ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅಂತ ಸಾಫ್ಟ್‌ವೇರ್ ನೋಡುವುದು) ದಕ್ಕುವುದಿಲ್ಲ.

ಆ ಪರೀಕ್ಷೆಯ ವಿಷಯ ಬಂತಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಸಾಮ್ಯತೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಶೇಕಡಾವಾರು ಇಳಿಸಲು ಪದ ತಿರುಚುವ ಸರ್ಕಸ್ ಬೇಡ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ಅನುವಾದಿಸಿ ಹೆಸರು ಹೇಳದೆ ಹಾಕಿದರೆ ಸಾಫ್ಟ್‌ವೇರ್ ಹಿಡಿಯದಿರಬಹುದು, ಆದರೆ ಅದೂ ಕದ್ದದ್ದೇ. ಎಐ ಬರೆದದ್ದನ್ನು ಅಂಟಿಸುವುದೂ ಹಾಗೇ. ಇರದ ಪುಸ್ತಕ, ಇರದ ಲೇಖಕರ ಉಲ್ಲೇಖ ಅದು ಆರಾಮಾಗಿ ಹುಟ್ಟಿಸುತ್ತದೆ. ಪ್ರತಿ ಉಲ್ಲೇಖವನ್ನೂ ನೀವೇ ತೆರೆದು ನೋಡಿರಬೇಕು.

10. ವೈವಾ

ಕೇಳುವುದು ಹೆಚ್ಚುಕಡಿಮೆ ಇಷ್ಟೇ. ಈ ವಿಷಯ ಯಾಕೆ? ಈ ಶಾಲೆಗಳೇ ಯಾಕೆ? ಈ ಪರೀಕ್ಷೆಯನ್ನೇ ಯಾಕೆ ಬಳಸಿದಿರಿ? ಮತ್ತೆ ಮಾಡಿದರೆ ಏನು ಬದಲಿಸುತ್ತೀರಿ? ಈ ಕೊನೆಯ ಪ್ರಶ್ನೆಗೆ "ಏನೂ ಇಲ್ಲ ಸರ್" ಅನ್ನಬೇಡಿ. ಪರಿಮಿತಿಗಳ ಭಾಗದಲ್ಲಿ ನೀವೇ ಬರೆದ ಒಂದನ್ನು ಹಿಡಿದು ಮಾತಾಡಿ. ಚೀಟಿ ಅಂಟಿಸಿದ ಒಂದು ಪ್ರತಿ ಕೈಯಲ್ಲಿರಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದರೆ ಯಾರೂ ಅಂಕ ಕಳೆಯುವುದಿಲ್ಲ, ಸುಮ್ನೆ ಸುತ್ತಿ ಬಳಸಿದರೆ ಕಳೆಯುತ್ತಾರೆ.

ಬೈಂಡಿಂಗ್ ಆದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಎರಡು ಪುಟದ ಸಾರಾಂಶವನ್ನು, ಕೋಷ್ಟಕ ಇಲ್ಲದೆ, ಮೇಷ್ಟ್ರುಗಳಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಆ ಆರೂ ಶಾಲೆಗೆ ಕೊಟ್ಟು ಬನ್ನಿ. ಸಿಆರ್‌ಪಿಯವರು ಒಪ್ಪಿದರೆ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹದಿನೈದು ನಿಮಿಷ ಓದಿ ಹೇಳಬಹುದು. ಪಾಠವನ್ನು ತುಂಡು ಮಾಡಿ ಹಲಗೆ ಮೇಲೆ ಬರೆಯುವ ಉಪಾಯ ಪಕ್ಕದ ಶಾಲೆಯವರಿಗೂ ಬೇಕಾಗಿರುತ್ತದೆ.